ವೆಂಡರ್ ಫೋಲ್ಡರಿನಲ್ಲಿ ಸೇರಿಕೊಂಡಿದ್ದ ನಮ್ಮ ಕೋಡ್

ಸೋಮವಾರ ಬೆಳಿಗ್ಗೆ ನಮ್ಮ ಗ್ರಾಹಕರ ಲೆಕ್ಕಪತ್ರ ವಿಭಾಗದ ಹಿರಿಯರೊಬ್ಬರು ಕರೆ ಮಾಡಿ, "ಮೇಡಂ, ಬಿಲ್ಲಿನಲ್ಲಿ ಕಾಮಾ ಜಾಗ ತಪ್ಪಿದೆ, ಸ್ವಲ್ಪ ನೋಡಿ" ಎಂದರು. 12,34,567 ಎಂದಿರಬೇಕಾದ ಮೊತ್ತ 1,234,567 ಎಂದು ಅಚ್ಚಾಗಿತ್ತು. ಮೊತ್ತ ಸರಿಯಾಗಿಯೇ ಇತ್ತು. ಆದರೆ ಲಕ್ಷ, ಕೋಟಿಗಳ ಲೆಕ್ಕದಲ್ಲಿ ಪಳಗಿದ ಕಣ್ಣು ಅಂಥ ಬಿಲ್ಲನ್ನು ನಂಬುವುದಿಲ್ಲ. ಅವರಷ್ಟು ಕಟ್ಟುನಿಟ್ಟಿನವರು ಅಲ್ಲಿ ಇದ್ದದ್ದು ನಮ್ಮ ಪುಣ್ಯ.

ಭದ್ರತಾ ದೋಷವೊಂದರ ಪರಿಹಾರಕ್ಕಾಗಿ ಶನಿವಾರ ಟ್ವಿಗ್ ಲೈಬ್ರರಿಯನ್ನು (ಬಿಲ್ಲಿನಂಥ ಪುಟಗಳನ್ನು ರೂಪಿಸಲು ಬೇರೆಯವರು ಬರೆದಿಟ್ಟ ಸಿದ್ಧ ಕೋಡ್) ಕಂಪೋಸರ್ ಮೂಲಕ ನವೀಕರಿಸಿದ್ದೆವು. ಇಂಥ ಲೈಬ್ರರಿಗಳನ್ನು ತಂದು ವೆಂಡರ್ ಎಂಬ ಫೋಲ್ಡರಿನಲ್ಲಿ ಇಡುವ ಸಾಧನ ಅದು. ನಾವು ಬರೆದ ಕೋಡಿನಲ್ಲಿ ಒಂದಕ್ಷರವೂ ಬದಲಾಗಿರಲಿಲ್ಲ. ಸರ್ವರ್‌ನ ಹಳೆಯ ಬ್ಯಾಕಪ್ಪನ್ನು ಹೊಸ ಪ್ರತಿಯ ಪಕ್ಕದಲ್ಲಿಟ್ಟು ಹೋಲಿಸಿದಾಗ, ಟ್ವಿಗ್ ಸಂಖ್ಯೆಗಳನ್ನು ಅಚ್ಚಿಗೆ ಸಿದ್ಧಗೊಳಿಸುವ ಫಂಕ್ಷನ್ನಿನ ಒಳಗೇ ಯಾರೋ ಲಕ್ಷದ ಕಾಮಾಕ್ಕಾಗಿ ಕೆಲವು ಸಾಲು ಸೇರಿಸಿ, ಮೇಲೆ "ತೆಗೆಯಬೇಡಿ" ಎಂದು ಕಾಮೆಂಟ್ ಬರೆದಿದ್ದು ಕಂಡಿತು. ವೆಂಡರ್ ಫೋಲ್ಡರನ್ನು ನಾವು, ಕೋಡಿನ ಪ್ರತಿ ಬದಲಾವಣೆಯನ್ನೂ ದಾಖಲಿಸಿಡುವ ಗಿಟ್‌ಗೆ ಸೇರಿಸುವುದಿಲ್ಲವಾದ್ದರಿಂದ ಆ ಸಾಲುಗಳಿಗೆ ಸರ್ವರ್ ಬಿಟ್ಟರೆ ಬೇರೆಲ್ಲೂ ನೆಲೆಯಿರಲಿಲ್ಲ. ಹೊಸ ಆವೃತ್ತಿ ಬಂದೊಡನೆ ಕಾಮೆಂಟಿನ ಸಮೇತ ಅಳಿಸಿಹೋದವು.

ಆ ಸಾಲುಗಳನ್ನು ಸೇರಿಸಿದಾಗ ಈ ಕೆಲಸ ನೋಡುತ್ತಿದ್ದ ಸಹೋದ್ಯೋಗಿ ಈಗ ಬೇರೆ ಕಡೆ ಇದ್ದಾರೆ. ಫೋನಿನಲ್ಲಿ ಕೇಳಿದಾಗ ಅವರು ಮುಚ್ಚುಮರೆಯಿಲ್ಲದೆ ಹೇಳಿದರು: "ಅವತ್ತು ಸಂಜೆಯೊಳಗೆ ಬಿಲ್ ಹೋಗಬೇಕಿತ್ತು ಮೇಡಂ, ಅಲ್ಲೇ ಬದಲಿಸಿದೆ. ಕೆಲಸ ಆಯಿತಲ್ಲ?"

ಕೆಲಸ ಆಯಿತಲ್ಲ ಎಂಬ ಆ ಮಾತು ವಾರವಿಡೀ ನನ್ನ ಕಿವಿಯಲ್ಲೇ ಇದೆ. ಅವರು ಜಾಣರು, ಸೋಮಾರಿಯಂತೂ ಅಲ್ಲವೇ ಅಲ್ಲ. ಆದರೆ ನಮ್ಮದೇ ಎಕ್ಸ್‌ಟೆನ್ಷನ್ (ಲೈಬ್ರರಿಯನ್ನು ಮುಟ್ಟದೆ ಹೊರಗಿನಿಂದ ಜೋಡಿಸುವ ಕೋಡ್) ಬರೆದು ಸೇರಿಸಲು ಟ್ವಿಗ್ ಮೊದಲಿನಿಂದಲೂ ಅವಕಾಶ ಕೊಟ್ಟಿದೆ. ಭಾರತೀಯ ಕ್ರಮದ ಕಾಮಾವನ್ನು, ಆಯಾ ದೇಶದ ರೂಢಿಯಂತೆ ಸಂಖ್ಯೆ ಬರೆದುಕೊಡುವ, ನಾವು ಕೋಡ್ ಬರೆಯುವ ಭಾಷೆಯಾದ ಪಿಎಚ್‌ಪಿಯ ಇಂಟ್ಲ್ ಸೌಲಭ್ಯವೇ ಹಾಕಿಕೊಡುತ್ತದೆ. ಅರ್ಧ ಗಂಟೆ ಹೆಚ್ಚು ಕೂತಿದ್ದರೆ ಆಗುತ್ತಿದ್ದ ಕೆಲಸವಿದು. ಆ ಅರ್ಧ ಗಂಟೆಯನ್ನು ಅವರಿಗೆ ಕೊಡದೆ ಗಡುವನ್ನಷ್ಟೇ ಹಿಡಿದು ಕೂತ ವ್ಯವಸ್ಥಾಪಕರ ಮೇಲೆ ನನಗೆ ಹೆಚ್ಚು ಸಿಟ್ಟಿದೆ.

ಕಾಮಾ ತಪ್ಪಿದರೆ ಕಣ್ಣಿಗೆ ಬೀಳುತ್ತದೆ. ಭದ್ರತಾ ದೋಷ ಹಾಗೆ ಕಾಣುವುದಿಲ್ಲ. 2021ರ ಡಿಸೆಂಬರಿನಲ್ಲಿ, ಜಾವಾ ಪ್ರೋಗ್ರಾಂಗಳ ಆಗುಹೋಗುಗಳನ್ನು ದಾಖಲಿಸುವ ಲಾಗ್‌ಫೋರ್‌ಜೆ ಲೈಬ್ರರಿಯ ದೋಷ ಬಯಲಾದಾಗ 2.15, 2.16, 2.17 ಎಂದು ಅದೇ ತಿಂಗಳಲ್ಲಿ ಒಂದರ ಹಿಂದೊಂದು ಆವೃತ್ತಿ ಬಂದವು. ಲೈಬ್ರರಿಯನ್ನು ಮುಟ್ಟದೆ ಇಟ್ಟುಕೊಂಡವರಿಗೆ ಹಳೆಯದನ್ನು ತೆಗೆದು ಹೊಸದನ್ನು ಹಾಕುವ ದಾರಿಯಾದರೂ ಇತ್ತು. ಒಳಗೆ ಕೈಯಾಡಿಸಿದವರು ಪ್ರತಿ ಸಲವೂ ತಮ್ಮ ಬದಲಾವಣೆಗಳನ್ನು ಹುಡುಕಿ, ಮತ್ತೆ ಸೇರಿಸಿ, ಪರೀಕ್ಷಿಸಬೇಕು. ಅಷ್ಟು ಹೊತ್ತೂ ದೋಷ ತೆರೆದೇ ಇರುತ್ತದೆ. ಬದಲಾಯಿಸಿದವರು ಕೆಲಸ ಬಿಟ್ಟು ಹೋಗಿದ್ದರೆ ಯಾವುದು ನಮ್ಮ ಸಾಲು, ಯಾವುದು ಲೈಬ್ರರಿಯದು ಎಂದು ಹೇಳುವವರೇ ಇರುವುದಿಲ್ಲ.

ಈಗ ಕಾಮಾದ ಕೋಡ್ ನಮ್ಮ ಫೋಲ್ಡರಿನಲ್ಲಿ, ನಮ್ಮ ಎಕ್ಸ್‌ಟೆನ್ಷನ್ನಿನಲ್ಲಿ, ತನ್ನದೇ ಪರೀಕ್ಷೆಯೊಂದಿಗೆ ಗಿಟ್‌ನಲ್ಲಿದೆ. ಉಳಿದ ಗ್ರಾಹಕರ ಸರ್ವರ್‌ಗಳ ವೆಂಡರ್ ಫೋಲ್ಡರುಗಳನ್ನೂ ಮೂಲ ಪ್ರತಿಗಳೊಂದಿಗೆ ಹೋಲಿಸುತ್ತಿದ್ದೇವೆ. ನಿನ್ನೆ ಒಂದು ಕಡೆ ಜಿಎಸ್‌ಟಿ ಮೊತ್ತವನ್ನು ರೌಂಡ್ ಆಫ್ ಮಾಡುವ ಸಾಲುಗಳೂ ಲೈಬ್ರರಿಯೊಳಗೇ ಸಿಕ್ಕಿವೆ. ಅವನ್ನು ಹೊರಗೆ ತರುವವರೆಗೆ ಆ ಸರ್ವರ್‌ನಲ್ಲಿ ಯಾವ ನವೀಕರಣವನ್ನೂ ಮಾಡಬಾರದೆಂದು ಎಲ್ಲರಿಗೂ ತಿಳಿಸಿದ್ದೇನೆ.