ಮೂಳೆ ಕಲ್ಲಾಯಿತು ಎನ್ನುವ ಮುನ್ನ

ಹೂತುಹೋದ ಮೂಳೆ ಪೂರ್ತಿ ಕರಗಿ, ಅದರ ಜಾಗದಲ್ಲಿ ಕಲ್ಲು ತುಂಬಿಕೊಳ್ಳುತ್ತದೆ ಎಂದೇ ಹಲವರ ನಂಬಿಕೆ. ಆಸ್ಟ್ರೇಲಿಯಾದ ಲೈಟ್ನಿಂಗ್ ರಿಜ್‌ನ ಓಪಲ್ (ಸಿಲಿಕಾದ ರತ್ನ) ಮೂಳೆಗಳಲ್ಲಿ ಹಾಗಾಗಿರುವುದುಂಟು, ಆದರೆ ಅದು ಅಪರೂಪ. ಬಹುತೇಕ ಡೈನೋಸಾರ್ ಮೂಳೆ ಇವತ್ತಿಗೂ ಅಪಟೈಟೇ, ಅಂದರೆ ಕ್ಯಾಲ್ಸಿಯಂ ಫಾಸ್ಫೇಟ್. ಆದರೆ ಅದು ಪ್ರಾಣಿ ಬದುಕಿದ್ದಾಗ ಇದ್ದ ಅದೇ ಅಪಟೈಟ್ ಅಲ್ಲ.

ತಾಜಾ ಮೂಳೆಯ ತೂಕದಲ್ಲಿ ಸುಮಾರು ಮೂರನೇ ಎರಡು ಪಾಲು ಖನಿಜ. ಅದರ ಹರಳುಗಳ ದಪ್ಪ ಕೆಲವೇ ನ್ಯಾನೋಮೀಟರ್. ಕೊಲಾಜೆನ್ ನಾರು ಅವನ್ನು ಸುತ್ತಿ ಕಾಯುತ್ತಿರುತ್ತದೆ. ಸೂಕ್ಷ್ಮಜೀವಿಗಳೋ ನೀರೋ ಆ ನಾರನ್ನು ಕಳಚಿದರೆ ಹರಳಿಗೆ ಅಂತರ್ಜಲ ತಾಗುತ್ತದೆ. ಆಮ್ಲೀಯ ಮಣ್ಣಾದರೆ ಮೂಳೆಯೇ ಕರಗಿಹೋಗುತ್ತದೆ. ಇಲ್ಲವಾದರೆ ಸಣ್ಣ ಹರಳುಗಳು ಕರಗಿ ದೊಡ್ಡವು ಬೆಳೆಯುತ್ತವೆ. ಬೆಳೆಯುತ್ತಾ ಹೈಡ್ರಾಕ್ಸಿಲ್ ಬಿಟ್ಟು ಫ್ಲೋರೈಡ್ ಹಿಡಿಯುತ್ತವೆ, ಯುರೇನಿಯಂ, ಸೀರಿಯಂಗಳನ್ನೂ ಹೀರುತ್ತವೆ. ಹೂತ ಕಾಲ ಹೆಚ್ಚಿದಷ್ಟೂ ಫ್ಲೋರಿನ್ ಹೆಚ್ಚುತ್ತದೆ, ಹಾಗಾಗಿ ಒಂದೇ ಪದರದಲ್ಲಿ ಹೂತ ಮೂಳೆಗಳಲ್ಲಿ ಫ್ಲೋರಿನ್ ಹೆಚ್ಚುಕಡಿಮೆ ಸಮನಾಗಿರಬೇಕು. 1949ರಲ್ಲಿ ಬ್ರಿಟಿಷ್ ವಿಜ್ಞಾನಿ ಕೆನೆತ್ ಓಕ್ಲಿ ಇದೇ ಪರೀಕ್ಷೆಯಿಂದ ಪಿಲ್ಟ್‌ಡೌನ್ ಮೂಳೆಗಳು (ಇಂಗ್ಲೆಂಡಿನಲ್ಲಿ ಆದಿಮಾನವನವೆಂದು ತೋರಿಸಲಾಗಿದ್ದವು) ಹೇಳಿದಷ್ಟು ಹಳೆಯವಲ್ಲ ಎಂದು ತೋರಿಸಿದರು. ಅವು ಬೇಕೆಂದೇ ಮಾಡಿದ ಮೋಸ ಎಂಬುದು ಬಯಲಾದದ್ದು 1953ರಲ್ಲಿ. ಹಲ್ಲಿನ ಎನಾಮೆಲ್‌ನಲ್ಲಿ ಖನಿಜವೇ ಸುಮಾರು 96%, ಹರಳುಗಳೂ ದೊಡ್ಡವು, ಆದ್ದರಿಂದ ಅದು ಕಡಿಮೆ ಬದಲಾಗುತ್ತದೆ. ಐಸೋಟೋಪ್ (ಒಂದೇ ಧಾತುವಿನ ಬೇರೆ ತೂಕದ ಪರಮಾಣು) ಅಳೆಯುವುದಾದರೆ ಮೂಳೆ ಬಿಟ್ಟು ಎನಾಮೆಲ್ ಆರಿಸಿಕೊಳ್ಳಿ.

ರಂಧ್ರಗಳಲ್ಲಿ ಕೂರುವ ಖನಿಜದ ಕಥೆ ಬೇರೆ. ಕ್ಯಾಲ್ಸೈಟ್ (ಸುಣ್ಣಕಲ್ಲಿನ ಖನಿಜ), ಸಿಲಿಕಾ, ಕಬ್ಬಿಣದ ಆಕ್ಸೈಡ್, ಪೈರೈಟ್ (ಕಬ್ಬಿಣ-ಗಂಧಕದ ಖನಿಜ): ಯಾವುದು ತುಂಬಿದೆ ಎಂದು ತಿಳಿಯದೆ ಆಮ್ಲ ಮುಟ್ಟಬಾರದು. ಸುಣ್ಣಕಲ್ಲಿನಿಂದ ಮೂಳೆ ಬಿಡಿಸಲು 5ರಿಂದ 10% ಅಸಿಟಿಕ್ ಆಮ್ಲ ಸಾಕು. ಕಂಡಷ್ಟು ಮೂಳೆಗೆ ಅಸಿಟೋನ್‌ನಲ್ಲಿ ಕರಗಿಸಿದ ಪ್ಯಾರಲಾಯ್ಡ್ ಬಿ-72 ಎಂಬ ಅಕ್ರಿಲಿಕ್ ರಾಳ ಬಳಿದು, ಚೆನ್ನಾಗಿ ಒಣಗಿಸಿ, ಆಮೇಲೆ ಮುಳುಗಿಸಿ. ಆಮ್ಲಕ್ಕೆ ಮೊದಲೇ ಕ್ಯಾಲ್ಸಿಯಂ ಫಾಸ್ಫೇಟ್ ಬೆರೆಸಿ. ಬೆರೆಸದಿದ್ದರೆ ಆಮ್ಲ ಮೂಳೆಯನ್ನೂ ಕೊರೆಯುತ್ತದೆ. ಆಮ್ಲದಲ್ಲಿದ್ದದ್ದಕ್ಕಿಂತ ಎರಡು ಮೂರು ಪಟ್ಟು ಹೊತ್ತು ನೀರಿನಲ್ಲಿ ತೊಳೆಯಿರಿ. ಇಲ್ಲಿ ಆತುರಪಟ್ಟರೆ ಒಳಗುಳಿದ ಕ್ಯಾಲ್ಸಿಯಂ ಅಸಿಟೇಟ್ ಒಣಗುವಾಗ ಹರಳುಗಟ್ಟಿ ಮೂಳೆಯನ್ನು ಸೀಳುತ್ತದೆ. ಹೊಸದಾಗಿ ಕಂಡ ಭಾಗಕ್ಕೆ ಮತ್ತೆ ಲೇಪಿಸಿ, ಮುಂದಿನ ಸುತ್ತಿಗೆ ಹೋಗಿ. ಮೂಳೆಯ ರಂಧ್ರದಲ್ಲೇ ಕ್ಯಾಲ್ಸೈಟ್ ತುಂಬಿದ್ದರೆ ಆಮ್ಲದ ದಾರಿ ಬೇಡವೇ ಬೇಡ: ಆಧಾರವಾಗಿದ್ದದ್ದೇ ಕರಗಿ ಮೂಳೆ ಪುಡಿಯಾದೀತು.

ಪೈರೈಟ್ ಇದ್ದರೆ ಅಪಾಯ ಶುರುವಾಗುವುದು ಕಪಾಟಿನಲ್ಲಿ. ಗಾಳಿಯ ಸಾಪೇಕ್ಷ ತೇವಾಂಶ 60% ದಾಟಿದರೆ ಅದು ಬೇಗಬೇಗ ಆಕ್ಸಿಡೀಕರಣಗೊಂಡು ಗಂಧಕಾಮ್ಲ ಮತ್ತು ಕಬ್ಬಿಣದ ಸಲ್ಫೇಟ್ ಆಗುತ್ತದೆ, ಉಬ್ಬಿ ಮೂಳೆಯನ್ನು ಒಡೆಯುತ್ತದೆ. ಬಿಳಿ ಅಥವಾ ಹಳದಿ ಪುಡಿ, ಗಂಧಕದ ವಾಸನೆ ಕಂಡರೆ ನೀರಿನಲ್ಲಿ ತೊಳೆಯಬೇಡಿ. ಮೇಲೆ ವಾರ್ನಿಷ್ ಬಳಿದರೂ ಒಳಗಿನ ಕ್ರಿಯೆ ನಿಲ್ಲುವುದಿಲ್ಲ. ಪುಡಿಯನ್ನು ಒಣ ಬ್ರಷ್‌ನಲ್ಲಿ ತೆಗೆದು, ಆ ಮೂಳೆಯನ್ನು ಉಳಿದವುಗಳಿಂದ ದೂರವಿಟ್ಟು, ಸಿಲಿಕಾ ಜೆಲ್ ಜೊತೆ ಗಾಳಿಯಾಡದ ಡಬ್ಬಿಯಲ್ಲಿಡಿ.