ಮಸುಕಿನಲ್ಲಿ ಉಳಿಯುವ ಅಡ್ಡಗೆರೆಗಳು

ಅಮೆರಿಕದ ಉಗಿಬಂಡಿಯ ಕಾಲದ ಫಿಲ್ಮ್ ತುಣುಕುಗಳಲ್ಲಿ ಎಂಜಿನ್ ಹಾದುಹೋದ ಕೂಡಲೇ ಬಹುತೇಕ ನೋಡುಗರ ಆಸಕ್ತಿ ಮುಗಿದುಹೋಗುತ್ತದೆ, ನನ್ನದು ಅಲ್ಲಿಂದ ಶುರುವಾಗುತ್ತದೆ. ಎಂಜಿನ್ನಿನ ಹಿಂದೆ ಸಾಲುಗಟ್ಟಿ ಬರುವ ಗೂಡ್ಸ್ ವ್ಯಾಗನ್‌ಗಳಲ್ಲಿ ಯಾವುದು ಯಾವ ಕಂಪನಿಯದು, ಯಾವ ಮಾದರಿಯದು ಎಂದು ಗುರುತಿಸುವುದು ಹಲವು ವರ್ಷಗಳಿಂದ ನನಗೆ ಅಂಟಿರುವ ಹವ್ಯಾಸ. ದುರದೃಷ್ಟವೆಂದರೆ, ಅಂದು ಕ್ಯಾಮೆರಾ ಹಿಡಿದವರಿಗೂ ಎಂಜಿನ್ ಮೇಲೆಯೇ ಮೋಹ. ಹತ್ತು ಹನ್ನೆರಡು ವ್ಯಾಗನ್ ದಾಟುವಷ್ಟರಲ್ಲಿ ಅವರು ಗುಂಡಿಯಿಂದ ಬೆರಳು ತೆಗೆದುಬಿಡುತ್ತಿದ್ದರು.

ಹೊಸದಾಗಿ ಈ ಕೆಲಸಕ್ಕೆ ಇಳಿದವರು ಮೊದಲು ವ್ಯಾಗನ್ ಮೇಲಿನ ಅಕ್ಷರಗಳನ್ನು ಓದಲು ಹೊರಡುತ್ತಾರೆ. ಅದು ಏಕೆ ಕೈಗೂಡುವುದಿಲ್ಲ ಎಂಬುದನ್ನು ಒಂದು ಸಣ್ಣ ಲೆಕ್ಕ ಹೇಳುತ್ತದೆ. ಗಂಟೆಗೆ 30 ಮೈಲಿ ವೇಗದ ರೈಲು ಸೆಕೆಂಡಿಗೆ 44 ಅಡಿ ಸಾಗುತ್ತದೆ. ಒಳ ಉದ್ದ 40 ಅಡಿಯಿರುವ ಮುಚ್ಚಿದ ವ್ಯಾಗನ್, ಅಂದರೆ ಬಾಕ್ಸ್‌ಕಾರ್, ಕೊಂಡಿಯಿಂದ ಕೊಂಡಿಗೆ ಅಳೆದರೆ, ಹೆಚ್ಚುಕಡಿಮೆ ಆ 44 ಅಡಿಯಷ್ಟೇ ಉದ್ದವಿರುತ್ತದೆ. ಅಂದರೆ ಸೆಕೆಂಡಿಗೊಂದು ವ್ಯಾಗನ್, ಮತ್ತು ಮೂಕಿ ಕಾಲದ ಮನೆಬಳಕೆಯ ಕ್ಯಾಮೆರಾದಲ್ಲಿ ಅದಕ್ಕೆ ಸಿಗುವುದು 16 ಫ್ರೇಮ್. ಪ್ರತಿ ಫ್ರೇಮಿಗೆ ಶಟರ್ ಸೆಕೆಂಡಿನ ಮೂವತ್ತನೆಯ ಒಂದು ಭಾಗದಷ್ಟು ಹೊತ್ತು ತೆರೆದಿರುತ್ತದೆ ಎಂದುಕೊಂಡರೂ ಅಷ್ಟರಲ್ಲಿ ವ್ಯಾಗನ್ ಒಂದೂವರೆ ಅಡಿ ಮುಂದೆ ಹೋಗಿರುತ್ತದೆ. ಒಂದಡಿಯೂ ಇಲ್ಲದ ಅಕ್ಷರ ಒಂದೂವರೆ ಅಡಿ ಕದಡಿಹೋದ ಮೇಲೆ ಅದನ್ನು ಎಷ್ಟು ಹಿಗ್ಗಿಸಿ ನೋಡಿದರೂ ಪ್ರಯೋಜನವಿಲ್ಲ.

ಆದರೆ ಈ ಕದಡುವಿಕೆಗೆ ಒಂದು ದಿಕ್ಕಿದೆ. ರೈಲು ಅಡ್ಡಲಾಗಿ ಚಲಿಸುವುದರಿಂದ ಲಂಬವಾದ ಗೆರೆಗಳೆಲ್ಲ ಅಳಿಸಿಹೋಗುತ್ತವೆ, ಅಡ್ಡಗೆರೆಗಳು ಮಾತ್ರ ತಮ್ಮ ಮೇಲೆಯೇ ಎಳೆದುಕೊಂಡು ಹಾಗೆಯೇ ಉಳಿಯುತ್ತವೆ. ಗೋಡೆಯ ರಿವೆಟ್ ಸಾಲುಗಳು, ಬಾಗಿಲಿನ ಅಂಚು, ಮರದ ಹಲಗೆಗಳ ಹೊರಗೆ ಕಾಣುವ ಉಕ್ಕಿನ ಓರೆ ಪಟ್ಟಿಗಳು ಮಾಯವಾದರೂ ಮಾಡಿನ ಅಂಚು, ಗೋಡೆಯ ಕೆಳಗಿನ ಅಂಚು, ಒಟ್ಟು ಎತ್ತರ ಇವು ಕೈಬಿಡುವುದಿಲ್ಲ. ಇದು ಹೊಳೆದ ಮೇಲೆ ನಾನು ಅಕ್ಷರಗಳನ್ನು ಬಿಟ್ಟು ಮಾಡಿನ ರೇಖೆಯನ್ನು ಓದತೊಡಗಿದೆ.

ಪೆನ್ಸಿಲ್ವೇನಿಯಾ ರೈಲ್‌ರೋಡಿನ ಎಕ್ಸ್29 ಈ ವಿಷಯದಲ್ಲಿ ದೊಡ್ಡ ಉಪಕಾರಿ. 1924ರಿಂದ 30,000ಕ್ಕೆ ಹತ್ತಿರದಷ್ಟು ತಯಾರಾದ ಈ ಉಕ್ಕಿನ ಬಾಕ್ಸ್‌ಕಾರಿನ ಒಳ ಎತ್ತರ 8 ಅಡಿ 7 ಅಂಗುಲ ಮಾತ್ರ. 1937ರ ಎಎಆರ್ (ಅಮೆರಿಕದ ರೈಲ್ವೆ ಕಂಪನಿಗಳ ಸಂಘ) ಮಾದರಿಯದು 10 ಅಡಿ. ಇವೆರಡು ಅಕ್ಕಪಕ್ಕ ಬಂದಾಗ ಮಾಡಿನ ರೇಖೆ ಮೆಟ್ಟಿಲಿನಂತೆ ಕೆಳಗಿಳಿದು ಮತ್ತೆ ಮೇಲೇರುತ್ತದೆ, ಎಂಥ ಮಸುಕಿನಲ್ಲೂ ಅದು ತಪ್ಪದು. ಬಾಲ್ಟಿಮೋರ್ ಆ್ಯಂಡ್ ಓಹಾಯೊ ಕಂಪನಿಯ ಎಂ-53 ‘ವ್ಯಾಗನ್‌ಟಾಪ್’ ಇದಕ್ಕೆ ತದ್ವಿರುದ್ಧ ರೀತಿಯಲ್ಲಿ ಸಿಕ್ಕಿಬೀಳುತ್ತದೆ. ಅದರ ಗೋಡೆಯೇ ಬಾಗಿ ಮಾಡಾಗುವುದರಿಂದ ಇರಬೇಕಾದ ಸೂರಿನ ಗೆರೆಯೇ ಅಲ್ಲಿ ಇರುವುದಿಲ್ಲ. ಮಿಲ್ವಾಕೀ ರೋಡ್ ಕಂಪನಿ ತನ್ನದೇ ಕಾರ್ಖಾನೆಯಲ್ಲಿ ಬೆಸುಗೆ ಹಾಕಿ ಕಟ್ಟಿದ ಬಾಕ್ಸ್‌ಕಾರ್‌ಗಳ ಗೋಡೆಯ ಮೇಲಂತೂ ಉದ್ದಕ್ಕೂ ಅಡ್ಡಪಟ್ಟಿಗಳೇ ಇವೆ. ಬೇರೆಯವು ಕದಡಿಹೋಗುವ ವೇಗದಲ್ಲಿ ಅದು ಗೆರೆ ಹಾಕಿದ ಪುಸ್ತಕದ ಹಾಳೆಯಂತೆ ಸ್ಪಷ್ಟವಾಗಿ ಹಾದುಹೋಗುತ್ತದೆ.

ರೀಫರ್‌ಗಳನ್ನು, ಅಂದರೆ ಮಂಜುಗಡ್ಡೆ ತುಂಬಿ ಹಣ್ಣು ಮಾಂಸ ಸಾಗಿಸುತ್ತಿದ್ದ ವ್ಯಾಗನ್‌ಗಳನ್ನು, ಮಾಡಿನ ನಾಲ್ಕು ಮೂಲೆಗಳಲ್ಲಿರುವ ಮುಚ್ಚಳಗಳಿಂದ ಗುರುತಿಸಬಹುದು. ಗಾಳಿಯಾಡಲೆಂದು ಅವನ್ನು ಎತ್ತಿ ನಿಲ್ಲಿಸಿದ್ದರೆ ಇನ್ನೂ ಸುಲಭ. ಬಣ್ಣದ ವಿಷಯದಲ್ಲಿ ಮಾತ್ರ ನಾನು ಒಮ್ಮೆ ಚೆನ್ನಾಗಿಯೇ ಬೇಸ್ತುಬಿದ್ದೆ. ಒಂದು ಕಪ್ಪುಬಿಳುಪು ತುಣುಕಿನಲ್ಲಿದ್ದ ರೀಫರ್‌ಗಳು ಬಾಕ್ಸ್‌ಕಾರ್‌ಗಳಷ್ಟೇ ಗಾಢವಾಗಿ ಕಂಡದ್ದರಿಂದ, ತಿಳಿಬಣ್ಣಕ್ಕೆ ಹೆಸರಾದ ಪೆಸಿಫಿಕ್ ಫ್ರೂಟ್ ಎಕ್ಸ್‌ಪ್ರೆಸ್ಸಿನವು ಇವಲ್ಲ ಎಂದು ನಿರ್ಧರಿಸಿ ವಾರಗಟ್ಟಲೆ ಬೇರೆಡೆ ಹುಡುಕಿದೆ. ಆ ಫಿಲ್ಮ್ ಆರ್ಥೋಕ್ರೋಮ್ಯಾಟಿಕ್ ಆಗಿದ್ದಿರಬಹುದೆಂಬುದು ತಲೆಗೆ ಬಂದೇ ಇರಲಿಲ್ಲ. ಅಂಥ ಫಿಲ್ಮಿಗೆ ಕೆಂಪು ಕಾಣುವುದೇ ಇಲ್ಲ, ಕಿತ್ತಳೆ ಹಳದಿಗಳೂ ಕಪ್ಪಿನತ್ತ ಜಾರುತ್ತವೆ. ಆಕಾಶ ಸುಣ್ಣ ಬಳಿದಷ್ಟು ಬಿಳಿಯಾಗಿದ್ದುದನ್ನು ನೋಡಿದಾಗಲೇ ನನಗೆ ಅನುಮಾನ ಬರಬೇಕಿತ್ತು. 1935ರಲ್ಲಿ 16 ಮಿ.ಮೀ. ಕೊಡಾಕ್ರೋಮ್ ಬಂದ ನಂತರದ ಬಣ್ಣದ ತುಣುಕುಗಳಲ್ಲಿ ಈ ಪೀಡೆಯಿಲ್ಲ.

ವ್ಯಾಗನ್ ಯಾವ ಕಂಪನಿಯದೆಂದು ತಿಳಿದ ಮಾತ್ರಕ್ಕೆ ಹಳಿ ಯಾರದೆಂದು ತಿಳಿಯುವುದಿಲ್ಲ. ಅಲ್ಲಿ ಒಂದು ಕಂಪನಿಯ ವ್ಯಾಗನ್ ಮತ್ತೊಂದರ ಹಳಿಗಳ ಮೇಲೆ ದೇಶವಿಡೀ ತಿರುಗುತ್ತಿತ್ತು, ಆದ್ದರಿಂದ ಎಕ್ಸ್29 ಎಲ್ಲಿ ಬೇಕಾದರೂ ಕಾಣಿಸಿಕೊಳ್ಳಬಹುದು. ಕಾಲವನ್ನು ನಿರ್ಧರಿಸಲು ಮಾತ್ರ ವ್ಯಾಗನ್ ಒಳ್ಳೆಯ ಸಾಕ್ಷಿ. ಮಾಂಸದ ಕಂಪನಿಗಳ ಜಾಹೀರಾತನ್ನು ಗೋಡೆ ತುಂಬ ಹೊತ್ತ ರೀಫರ್‌ಗಳ ವಿರುದ್ಧ ಅಂತರರಾಜ್ಯ ವಾಣಿಜ್ಯ ಆಯೋಗ 1934ರಲ್ಲಿ ತೀರ್ಪು ಕೊಟ್ಟಿತು, ಅವು 1937ರ ಆರಂಭದೊಳಗೆ ಮರೆಯಾಗಬೇಕಿತ್ತು. ಪಟ್ಟಿಗಳನ್ನು ಬೋಲ್ಟಿನಿಂದ ಜೋಡಿಸಿದ ಆರ್ಚ್‌ಬಾರ್ ಚಕ್ರಚೌಕಟ್ಟುಗಳು ಪರರ ಹಳಿಗೆ ಹೋಗುವುದು 1940ರ ಸುಮಾರಿಗೆ ನಿಂತಿತು. ಸಾಂಟಾ ಫೇ ರೈಲ್ವೆ ಕಂಪನಿಯ ಬಾಕ್ಸ್‌ಕಾರಿನ ಒಂದು ಗೋಡೆಯ ಮೇಲೆ ಮಾರ್ಗದ ನಕ್ಷೆ ಕಂಡರೆ ಅದಕ್ಕೆ ಬಣ್ಣ ಬಳಿದದ್ದು 1940 ಮತ್ತು 1947ರ ನಡುವೆ. ಆದರೆ ಬಳಿದ ಬಣ್ಣ ಎಷ್ಟೋ ವರ್ಷ ಉಳಿಯುತ್ತಿತ್ತಾದ್ದರಿಂದ ನಕ್ಷೆಯು ತುಣುಕು 1940ಕ್ಕಿಂತ ಹಿಂದಿನದಲ್ಲ ಎಂಬುದನ್ನಷ್ಟೇ ಖಚಿತಪಡಿಸುತ್ತದೆ. ರೈಲು ನಿಂತೇ ಇದ್ದು ಸಂಖ್ಯೆಯೇ ಓದಲು ಸಿಕ್ಕರೆ ಅಂದಿನ ‘ಅಫಿಷಿಯಲ್ ರೈಲ್ವೆ ಎಕ್ವಿಪ್‌ಮೆಂಟ್ ರಿಜಿಸ್ಟರ್’ ತೆರೆದು ಆ ಸರಣಿಯ ಉದ್ದ, ಎತ್ತರ, ಬಾಗಿಲಿನ ಅಗಲವನ್ನು ತಾಳೆನೋಡಬಹುದು, ಆದರೆ ಅಂಥ ಭಾಗ್ಯ ಅಪರೂಪ.

ಇತ್ತೀಚೆಗೆ ನೋಡಿದ ಒಂದು ತುಣುಕಿನಲ್ಲಿ ಏನೋ ಸರಿಯಿಲ್ಲ ಎಂದು ಮೊದಲ ನೋಟಕ್ಕೇ ಅನ್ನಿಸಿತ್ತು, ಏನೆಂದು ಮಾತ್ರ ಹೊಳೆಯಲಿಲ್ಲ. ಕೊನೆಗೆ ಗುಟ್ಟು ಬಿಟ್ಟುಕೊಟ್ಟದ್ದು ಏಣಿ. 1911ರ ಸುರಕ್ಷತಾ ಆದೇಶದ ಪ್ರಕಾರ ಬಾಕ್ಸ್‌ಕಾರಿನ ಪಕ್ಕದ ಗೋಡೆಯನ್ನು ಎದುರಿನಿಂದ ನೋಡಿದರೆ ಏಣಿ ಬಲತುದಿಯಲ್ಲಿರಬೇಕು. ಏಣಿಯ ಮೆಟ್ಟಿಲುಗಳೂ ಅಡ್ಡಗೆರೆಗಳೇ ಆದ್ದರಿಂದ ಮಸುಕಿನಲ್ಲಿ ಅವು ಒಂದರ ಮೇಲೊಂದು ಸಣ್ಣ ಗೀರುಗಳಾಗಿ ಉಳಿದಿದ್ದವು, ಆದರೆ ಹನ್ನೊಂದು ವ್ಯಾಗನ್‌ಗಳಲ್ಲೂ ಎಡತುದಿಯಲ್ಲಿ! ಎರಡೂ ಅಂಚಿನಲ್ಲಿ ರಂಧ್ರವಿರುವ 16 ಮಿ.ಮೀ. ಫಿಲ್ಮನ್ನು ಹಿಂದುಮುಂದಾಗಿ ಸ್ಕ್ಯಾನ್ ಮಾಡುವುದು ಸುಲಭ, ಇಲ್ಲಿ ಆಗಿದ್ದೂ ಅದೇ. ಚಿತ್ರವನ್ನು ಎಡಬಲ ತಿರುಗಿಸಿದ ಮೇಲೆ ಏಣಿಗಳು ತಮ್ಮ ಜಾಗಕ್ಕೆ ಬಂದವು, ಹನ್ನೊಂದರಲ್ಲಿ ಎಂಟು ವ್ಯಾಗನ್‌ಗಳಿಗೆ ಹೆಸರು ಸಿಕ್ಕಿತು. ನಾಲ್ಕನೆಯದು ವ್ಯಾಗನ್‌ಟಾಪ್ ಇರಬೇಕೆಂದು ನನ್ನ ಊಹೆ, ಆದರೆ ಅದು ಮುಂದೆ ಬರುವ ಹೊತ್ತಿಗೆ ಸರಿಯಾಗಿ ಎಂಜಿನ್ನಿನ ಹೊಗೆ ಮಾಡಿನ ಮೇಲೆ ಇಳಿದುಬಿಟ್ಟಿದೆ.