ಕೆರೆ ದಂಡೆಯ ಟೆಂಟು, ಮೂರನೇ ಕಂತು: ಕ್ಯಾಡೋ ಲೇಕ್

ಡಲ್ಲಾಸ್‌ನಿಂದ ಪೂರ್ವಕ್ಕಿರುವ ಸಣ್ಣ ಸ್ಟೇಟ್ ಪಾರ್ಕ್‌ಗಳಲ್ಲಿ, ಅದೂ ಕೆರೆ ಇರುವಲ್ಲಿ ಮಾತ್ರ, ಟೆಂಟ್ ಹಾಕಿ ಎರಡೆರಡು ರಾತ್ರಿ ಕಳೆಯುವುದು. ಒಂದೊಂದಕ್ಕೂ ಸ್ಕೆಚ್ ಪುಸ್ತಕದಲ್ಲಿ ಒಂದು ಪುಟ. ನಾನೂ ಮಗಳೂ ಹಾಕಿಕೊಂಡ ಲೆಕ್ಕ ಇಷ್ಟೇ. ಟೈಲರ್ ಆಯಿತು, ಡೇಂಜರ್‌ಫೀಲ್ಡ್ ಆಯಿತು. ಅವು 64 ಎಕರೆ, 80 ಎಕರೆಯ ಕೆರೆಗಳು, ನಮ್ಮೂರ ಕೆರೆಗಳ ಹಾಗೆ ಒಂದೇ ನೋಟಕ್ಕೆ ಸಿಗುತ್ತವೆ. ಕ್ಯಾಡೋ ಹಾಗಲ್ಲ. ಪಾರ್ಕ್ 500 ಎಕರೆಗೂ ಕಡಿಮೆ, ಕೆರೆ ಮಾತ್ರ ಸುಮಾರು 26,000 ಎಕರೆ. ಅರ್ಧ ಟೆಕ್ಸಸ್, ಅರ್ಧ ಲೂಸಿಯಾನಾ. ಪಕ್ಕದ ಊರಿನ ಹೆಸರೇ 'ಅನ್‌ಸರ್ಟನ್', ಅಂದರೆ 'ಖಚಿತವಿಲ್ಲ'. ಅಂಥ ಊರಿಗೆ ದಾರಿ ಕೇಳುವುದು ಹೇಗೆ ಅಂತ ಮಗಳಿಗೆ ದಾರಿಯುದ್ದಕ್ಕೂ ನಗು.

ಹೋಗಿದ್ದು ನವೆಂಬರ್ ನಡುವೆ. ಇಲ್ಲಿನ ಬಾಲ್ಡ್ ಸೈಪ್ರೆಸ್ ಮರಗಳಿಗೆ ಸೂಜಿಯಂಥ ಎಲೆ. ಆದರೂ ಚಳಿಗಾಲಕ್ಕೆ ಉದುರಿಸಿ ಬೋಳಾಗುತ್ತವೆ, ಅದಕ್ಕೇ ಆ ಹೆಸರು. ಉದುರುವ ಮೊದಲು ತುಕ್ಕಿನ ಬಣ್ಣ. ನೀರಿನಲ್ಲೇ ನಿಂತ ಮರಗಳು, ಸುತ್ತ ಮೊಣಕಾಲಿನಂತೆ ಮೇಲೆದ್ದ ಬೇರುಗಳು, ಕೊಂಬೆಯಿಂದ ಜೋತುಬಿದ್ದ ಬೂದು ಗಡ್ಡ. ಆ ಗಡ್ಡದ ಹೆಸರು ಸ್ಪ್ಯಾನಿಷ್ ಮಾಸ್. ಅದು ಸ್ಪೇನಿನದೂ ಅಲ್ಲ, ಪಾಚಿಯೂ ಅಲ್ಲ. ಅನಾನಸ್ ಕುಟುಂಬದ ಗಿಡ!

ಟೆಂಟಿನ ಪ್ರಗತಿ: ಹನ್ನೆರಡು ನಿಮಿಷದಲ್ಲಿ ಎದ್ದು ನಿಂತಿತು. ಟೈಲರ್‌ನಲ್ಲಿ ಮುಕ್ಕಾಲು ಗಂಟೆ ಹಿಡಿದಿತ್ತು. ಕುಕ್ಕರ್ ಮನೆಯಲ್ಲೇ ಬಿಟ್ಟೆವು. ಪುಳಿಯೋಗರೆ ಗೊಜ್ಜು, ಅವಲಕ್ಕಿ, ಒಂದು ಸಣ್ಣ ಗ್ಯಾಸ್ ಒಲೆ, ಅಷ್ಟೇ ಸಾಮಾನು. ಗಾಳಿ ಹಾಸಿಗೆಯದು ಮಾತ್ರ ಸೋಲಿನ ಕಥೆ. ಹೋದ ಸಲ ತೂತಾಗಿದ್ದಕ್ಕೆ ಸೈಕಲ್ ಟ್ಯೂಬಿನ ಪಂಕ್ಚರ್ ಪ್ಯಾಚ್ ಅಂಟಿಸಿದ್ದೆ. ಮೊದಲ ರಾತ್ರಿ ತಡೆಯಿತು. ಎರಡನೇ ರಾತ್ರಿ ಮೂರು ಗಂಟೆಗೆ ನೋಡಿದರೆ ನಾನು ನೆಲದ ಮೇಲೆ. ಹೊರಗೆ ಒಂದು ಗೂಬೆ ಕೂಗುತ್ತಿತ್ತು. ಬಾರ್ಡ್ ಔಲ್. ಅದರ ಕೂಗು 'ನಿಮಗೆ ಅಡುಗೆ ಮಾಡೋರು ಯಾರು?' ಅಂತ ಕೇಳಿದ ಹಾಗಿರುತ್ತದೆ ಎಂದು ಇಲ್ಲಿಯವರು ಹೇಳುತ್ತಾರೆ. ಎರಡು ದಿನ ಅವಲಕ್ಕಿ ತಿಂದವನಿಗೆ ಕೇಳುವ ಪ್ರಶ್ನೆಯೇ ಅದು?

ದೋಣಿ ವಿಷಯಕ್ಕೆ ಬರುತ್ತೇನೆ. ಪಾರ್ಕಿನೊಳಗೇ ಸಾ ಮಿಲ್ ಪಾಂಡ್ ಇದೆ, ಬಾಡಿಗೆಗೆ ಕನೂ ಸಿಗುತ್ತದೆ. ಟೈಲರ್‌ನಲ್ಲಿ ಕೂತಲ್ಲೇ ಗಿರಗಿರ ಸುತ್ತಿದ್ದೆವು. ಈ ಸಲ ಗುಟ್ಟು ಗೊತ್ತಾಯಿತು: ದಿಕ್ಕು ತಿರುಗಿಸುವವನು ಹಿಂದೆ ಕೂತವನು, ಹುಟ್ಟು ಎಳೆದ ಕೊನೆಯಲ್ಲಿ ಅದರ ಹಲಗೆಯನ್ನು ದೋಣಿಯಿಂದ ಹೊರಗೆ ಸ್ವಲ್ಪ ತಳ್ಳಬೇಕು. ನೂರು ಅಡಿ ನೇರ ಹೋದೆವು. ಆಮೇಲೆ ಒಂದು ಮರಕ್ಕೆ ಡಿಕ್ಕಿ. ಹೋಗಲಿ, ನೂರು ಅಡಿ ಆಯ್ತಲ್ಲ.

ಅಲ್ಲೇ ಹುಟ್ಟಿಗೆ ಹಸಿರು ಏನೋ ಅಂಟಿಕೊಂಡು ಬಂತು. ಮಡಚಿದ ಪುಟ್ಟ ಎಲೆಗಳ ಸರ. "ಅಪ್ಪಾ, ಇದನ್ನೇ ಪುಸ್ತಕಕ್ಕೆ ಅಂಟಿಸೋಣ" ಅಂದಳು. ದಡದ ಬೋರ್ಡಿನಲ್ಲಿ ಓದಿದ್ದು ನೆನಪಾಗಿ ಕೈ ಹಿಂದಕ್ಕೆಳೆದುಕೊಂಡೆ. ಅದು ಜೈಂಟ್ ಸಾಲ್ವಿನಿಯಾ, ನೀರಿನ ಮೇಲೆ ತೇಲುವ ಕಳೆ. ಅನುಮತಿ ಇಲ್ಲದೆ ಇಟ್ಟುಕೊಳ್ಳುವುದೂ ಟೆಕ್ಸಸ್‌ನಲ್ಲಿ ಅಪರಾಧ. ಮೂಲ ದಕ್ಷಿಣ ಅಮೆರಿಕ. ಕ್ಯಾಡೋದಲ್ಲಿ ಕಾಣಿಸಿಕೊಂಡಿದ್ದು 2006ರಲ್ಲಿ. ಹದವಾದ ಬಿಸಿಲು, ನೀರು ಸಿಕ್ಕರೆ ಒಂದು ವಾರದಲ್ಲಿ ದುಪ್ಪಟ್ಟಾಗುತ್ತದೆ. ಕೆರೆಗೆ ಕಂಬಳಿ ಹೊದಿಸಿ ಕೆಳಗಿನ ನೀರಿಗೆ ಬೆಳಕನ್ನೇ ಬಿಡುವುದಿಲ್ಲ. ಕೇರಳದವರು ಆಫ್ರಿಕನ್ ಪಾಯಲ್ ಅಂತ ಬೈಯುವುದೂ ಇದನ್ನೇ.

ಇದಕ್ಕೆ ಮದ್ದು ಎರಡು ಮಿಲಿಮೀಟರಿನ ಒಂದು ಹುಳ, ನಮ್ಮ ಅಕ್ಕಿಯಲ್ಲಿ ಸಿಗುವ ಸೊಂಡಿಲ ಹುಳದ ದಾಯಾದಿ. ಈ ಕಳೆ ಬಿಟ್ಟರೆ ಅದಕ್ಕೆ ಬೇರೆ ಊಟ ಬೇಡ. 1980ರ ದಶಕದಲ್ಲಿ ಬೆಂಗಳೂರಿನ ಒಂದು ನೈದಿಲೆ ಕೊಳದಲ್ಲಿ ಬಿಟ್ಟಾಗ ವರ್ಷದೊಳಗೆ ಕಳೆಯನ್ನು ಮುಗಿಸಿತ್ತು. ಇಲ್ಲೂ ಸಾಕಿ ಸಾಕಿ ಕೆರೆಗೆ ಬಿಡುತ್ತಾರೆ. ಆದರೆ ಚಳಿ ಜೋರಾದ ವರ್ಷ ಹುಳ ಸಾಯುತ್ತದೆ, ಕಳೆ ಒಂದಿಷ್ಟು ಉಳಿದು ಮತ್ತೆ ಹಬ್ಬುತ್ತದೆ. ಬೆಂಗಳೂರಿನ ಹವೆ ಹುಳಕ್ಕೂ ಹಿಡಿಸಿತ್ತು ಅನ್ನಿ.

ಹಾಗಾಗಿ ಎಲೆ ಅಂಟಿಸುವ ಬದಲು, ದೋಣಿಯಂಚಿನಲ್ಲೇ ಇಟ್ಟು ಭೂತಗನ್ನಡಿಯಲ್ಲಿ ನೋಡಿ ಚಿತ್ರ ಬರೆದೆವು. ಎಲೆ ಮೇಲೆಲ್ಲ ಸಣ್ಣ ರೋಮ. ಒಂದೊಂದು ರೋಮವೂ ತುದಿಯಲ್ಲಿ ನಾಲ್ಕಾಗಿ ಕವಲೊಡೆದು ಮತ್ತೆ ಒಂದಾಗುತ್ತದೆ. ನನಗೆ ಅಜ್ಜಿಯ ಕಡಗೋಲಿನ ತಲೆ ನೆನಪಾಯಿತು. ಮಗಳು ಕಡಗೋಲು ನೋಡಿಲ್ಲ. ಮೊದಲು ಅದರ ಚಿತ್ರ ಬರೆದು ತೋರಿಸಬೇಕಾಯಿತು. ಸೈಪ್ರೆಸ್‌ಗೆ ಅಂತ ಇಟ್ಟಿದ್ದ ಪುಟದಲ್ಲಿ ಈಗ ಅರ್ಧ ಕಳೆ, ಅರ್ಧ ಕಡಗೋಲು. ಮರ ಮೂಲೆಯಲ್ಲಿ ಎರಡು ಗೀಟು.

ಹೊರಡುವ ಮುಂಚೆ ದೋಣಿ ಮಗುಚಿ, ಹುಟ್ಟು, ಚಪ್ಪಲಿ, ಪ್ಯಾಂಟಿನ ಮಡಿಕೆ ಎಲ್ಲ ತಡಕಿದೆವು. ಅವಳ ಚಪ್ಪಲಿ ಪಟ್ಟಿಯಲ್ಲಿ ಒಂದೇ ಒಂದು ಎಲೆ ಸಿಕ್ಕಿತು.

ಮುಂದಿನದು ಲೇಕ್ ಬಾಬ್ ಸ್ಯಾಂಡ್ಲಿನ್, ಜನವರಿಯಲ್ಲಿ. ಅಷ್ಟರೊಳಗೆ ಹೊಸ ಹಾಸಿಗೆ ಕೊಳ್ಳಬೇಕು. ಪ್ಯಾಚ್ ಅಂಟಿಸಿದ್ದು ಸಾಕು.